ತಂದೆಯ ಕಡೆಯ ನಾಗ

ಬಾಗಿಲು ಒಡೆದಿರಲಿಲ್ಲ, ಚಿಲಕ ಕಿತ್ತಿರಲಿಲ್ಲ, ಹಾಸಿಗೆ ಅಚ್ಚುಕಟ್ಟಾಗಿ ಮಡಚಿಟ್ಟಿತ್ತು. ಯಶ್ಮಿತಾ ಮಾತ್ರ ಇರಲಿಲ್ಲ.

"ನಾನು ಪಾರ್ಲರಿಗೆ ಹೋಗುವಾಗ ಇಲ್ಲೇ ಕೂತಿದ್ದಳು ಅಕ್ಕ," ಎಂದಳು ಝೊಹರಾ. "ಮಧ್ಯಾಹ್ನ ಬರುವಾಗ ಬಿರಿಯಾನಿ ತರ್ತೇನೆ ಅಂದೆ. ಮೊಟ್ಟೆ ಹಾಕಿಸಿ ತನ್ನಿ ಅಂದಳು. ಓಡಿ ಹೋಗುವವಳು ಮೊಟ್ಟೆ ಹಾಕಿಸಿ ಅಂತಾಳಾ?"

ಬಿರಿಯಾನಿಯ ಪೊಟ್ಟಣ ಮೇಜಿನ ಮೇಲೆ ಬಿಚ್ಚದೆ ಕೂತಿತ್ತು. ಯಶ್ಮಿತಾಳ ಫೋನ್ ಆಫ್ ಆಗಿತ್ತು.

ಗಂಡ ಸುಶಾಂತ ಅವಳ ಎಡಗೈ ಮುರಿದ ಮರುದಿನ ಅವಳನ್ನು ಆಸ್ಪತ್ರೆಯಿಂದ ನೇರ ದೋಹಾದ ಬಿನ್ ಒಮ್ರಾನಿನಲ್ಲಿರುವ ಝೊಹರಾಳ ಈ ಫ್ಲ್ಯಾಟಿಗೆ ತಂದು ಬಿಟ್ಟವಳು ನಾನೇ.

ನನ್ನ ಹೆಸರು ಜ್ಯೋತ್ಸ್ನಾ. ವಾರದ ಐದು ದಿನ ವೆಸ್ಟ್ ಬೇಯ ಒಂದು ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುವುದು ನನ್ನ ಕೆಲಸ. ಬೆಂಕಿ ಬಿದ್ದ ಅಂಗಡಿಗೆ ಹೋದರೆ ಏನು ಸುಟ್ಟಿದೆ ಎಂದು ನೋಡುವುದಿಲ್ಲ. ಏನು ಸುಟ್ಟಿಲ್ಲ ಎಂದು ನೋಡುತ್ತೇನೆ. ಉಳಿದ ಎರಡು ದಿನ ನಾನು ಒತ್ತಾಸೆ ಬಳಗದವಳು.

ಒತ್ತಾಸೆ ಎಂದರೆ ದೋಹಾದ ನಾವೊಂದಿಷ್ಟು ಹೆಂಗಸರು ಸೇರಿ ಕಟ್ಟಿಕೊಂಡ ಬಳಗ. ಮನೆಯಲ್ಲಿ ಹೊಡೆತ ತಿನ್ನುವವಳು ಫೋನ್ ಮಾಡಿದರೆ ಹೋಗಿ ಕರೆದುಕೊಂಡು ಬರುತ್ತೇವೆ. ಆಸ್ಪತ್ರೆಗೋ ಠಾಣೆಗೋ ಜೊತೆಯಲ್ಲಿ ಹೋಗುತ್ತೇವೆ. ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮ ಎಲ್ಲಿ ನಡೆದರೂ ಹೆಂಗಸರ ಶೌಚಾಲಯದ ಬಾಗಿಲಿನ ಒಳಮೈಗೆ ನಮ್ಮ ನಂಬರ್ ಅಂಟಿಸಿ ಬರುತ್ತೇವೆ. ಗಂಡಂದಿರು ಬೆನ್ನು ಹತ್ತಿ ಬರದ ಜಾಗ ಅದೊಂದೇ. ತಿಂಗಳಿಗೊಂದು ಶುಕ್ರವಾರ ಗಂಡಸರನ್ನೂ ಕೂರಿಸಿಕೊಂಡು ಮಾತಾಡುತ್ತೇವೆ. ಬರುವವರು ಬರುತ್ತಾರೆ, ಬರಬೇಕಾದವರು ಬರುವುದಿಲ್ಲ.

ಯಾರನ್ನು ಎಲ್ಲಿ ಇಟ್ಟಿದ್ದೇವೆ ಎನ್ನುವುದು ಕರೆತಂದವಳಿಗೆ ಮತ್ತು ಇಟ್ಟುಕೊಂಡವಳಿಗೆ ಮಾತ್ರ ಗೊತ್ತಿರಬೇಕು. ಬಳಗದಲ್ಲಿ ಬೇರೆ ಕಟ್ಟಳೆ ಎಷ್ಟು ಸಡಿಲವಾದರೂ ಇದೊಂದು ಸಡಿಲವಾಗಬಾರದು.

ಭಾನುವಾರ ಬೆಳಿಗ್ಗೆ ಯಶ್ಮಿತಾ ಠಾಣೆಯಲ್ಲಿ ಹೇಳಿಕೆ ಕೊಡುವುದಿತ್ತು. ಆಸ್ಪತ್ರೆಯ ವರದಿ ಸಿದ್ಧವಿತ್ತು, ಇನ್ನು ಹೇಳುವವಳ ಬಾಯಿ ಬೇಕಿತ್ತು. ಅದಕ್ಕೆ ಮೊದಲೇ ಅವಳು ದೇಶ ಬಿಟ್ಟರೆ ಸುಶಾಂತನಿಗೆ ಕೂದಲೂ ಕೊಂಕುವುದಿಲ್ಲ. ಸೀದಾ ಊರಿಗೆ ಹೋಗಿಬಿಡ್ತೀಯಾ ಎಂದು ನಾನೇ ಒಮ್ಮೆ ಕೇಳಿದ್ದೆ.

"ಹೋಗ್ತೇನೆ ಅಕ್ಕ. ಆದರೆ ಹೇಳಿಯೇ ಹೋಗ್ತೇನೆ," ಎಂದಿದ್ದಳು. "ಕದ್ದು ಹೋಗ್ಲಿಕ್ಕೆ ಕೈ ಮುರಿದದ್ದು ನಾನಲ್ಲ."

ಹಾಗೆಂದವಳು ಹೇಳದೆ ಹೋಗುವುದಿಲ್ಲ. ನಾನು ಅಡುಗೆಮನೆಗೆ ಹೋದೆ.

ಸಿಂಕಿನಲ್ಲಿ ಎರಡು ಗಾಜಿನ ಲೋಟಗಳಿದ್ದವು. ತಳದಲ್ಲಿ ಕಂದು ಬಣ್ಣದ ಗಸಿ. ಮೂಸಿ ನೋಡಿದೆ. ಚಿಕೋರಿ ಬೆರೆಸಿ ಇಳಿಸಿದ ಡಿಕಾಕ್ಷನ್ನಿನ ಕಾಫಿ.

"ನೀನು ಯಾವಾಗಿನಿಂದ ಕಾಫಿ ಕುಡೀಲಿಕ್ಕೆ ಶುರು ಮಾಡಿದ್ದು?"

"ನಾನಾ? ನಮ್ಮಲ್ಲಿ ಕಾಫಿಪುಡಿಯೇ ಇಲ್ಲ ಅಕ್ಕ. ಸುಲೈಮಾನಿ ಚಾ ಬಿಟ್ಟರೆ ಬೇರೆ ಎಂತದೂ ಇಲ್ಲ."

ಅಂದರೆ ಬಂದವರು ಕಾಫಿಯನ್ನು ಮನೆಯಿಂದಲೇ ತಂದಿದ್ದರು. ಯಶ್ಮಿತಾ ಬಾಗಿಲು ತೆಗೆದಿದ್ದಳು, ಎದುರು ಕೂತು ಕುಡಿದಿದ್ದಳು, ಹಾಸಿಗೆ ಮಡಚಿಟ್ಟು ಚಪ್ಪಲಿ ಹಾಕಿಕೊಂಡು ಜೊತೆಯಲ್ಲಿ ನಡೆದುಹೋಗಿದ್ದಳು. ಎಳೆದುಕೊಂಡು ಹೋದದ್ದಲ್ಲ, ನಂಬಿಸಿ ಕರೆದುಕೊಂಡು ಹೋದದ್ದು. ನನಗೆ ಅದೇ ಹೆಚ್ಚು ಹೆದರಿಕೆಯಾಯಿತು.

ಈ ಮನೆ ಯಾರಿಗಾದರೂ ಗೊತ್ತಾ ಎಂದು ಕೇಳಿದೆ. ಹೊರಗಿನವರು ಒಬ್ಬರಿಗೂ ಗೊತ್ತಿಲ್ಲ ಎಂದು ಝೊಹರಾ ಕಣ್ಣೊರೆಸಿಕೊಂಡಳು. ಹೊರಗಿನವರು ಎಂಬ ಮಾತನ್ನು ನಾನು ಆಗ ಕೆದಕಲಿಲ್ಲ.

* * *

ಸಂಘದ ಸಭಾಂಗಣದಲ್ಲಿ ಆ ಹೊತ್ತಿಗೆ ಶುಕ್ರವಾರದ ಗಂಡಸರ ಸಭೆಗೆ ಕುರ್ಚಿ ಹಾಕುತ್ತಿದ್ದರು. ವೇದಿಕೆಯ ಮೇಲೆ 'ಮನೆಯಲ್ಲಿ ಭಯ ಬೇಡ' ಎಂಬ ಬ್ಯಾನರು. ಆ ಘೋಷಣೆ ಕೊಟ್ಟವರು ಸಂಘದ ಉಪಾಧ್ಯಕ್ಷ ವೆಂಕಟರಾಮು.

ವೆಂಕಟರಾಮು ಮೈಸೂರಿನವರು. ದೊಡ್ಡ ಕಂಪನಿಯೊಂದರಲ್ಲಿ ಫೈನಾನ್ಸ್ ಮ್ಯಾನೇಜರ್, ಮಾತು ಬೆಣ್ಣೆ. ನಮಗೆ ಸಭಾಂಗಣ ಕೊಡಿಸಿದವರೂ ಅವರೇ, ಪ್ರತಿ ಸಲ ಉದ್ಘಾಟನೆಯ ಭಾಷಣ ಮಾಡುವವರೂ ಅವರೇ. ಹೆಣ್ಣು ಅಂದರೆ ದೀಪ, ಹೆಣ್ಣು ಅಂದರೆ ಭೂಮಿ ಎಂದೆಲ್ಲ ಹೇಳುತ್ತಾರೆ. ಹೆಣ್ಣು ಅಂದರೆ ಒಂದು ಮನುಷ್ಯಜೀವ ಎಂದು ಅವರ ಬಾಯಲ್ಲಿ ನಾನು ಇದುವರೆಗೆ ಕೇಳಿಲ್ಲ.

ಹರಿಣಾಕ್ಷಿ ಟೀಚರ್ ನನ್ನ ಕೈಗೊಂದು ಪೇಪರ್ ಕಪ್ ಕೊಟ್ಟರು. ಇವರು ಉಡುಪಿ ಕಡೆಯವರು, ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾರೆ, ನಮ್ಮ ಬಳಗಕ್ಕೆ ಹಿರಿಯಕ್ಕ. ನನಗೆ ಹರಿಣಕ್ಕ.

"ಇವತ್ತು ಅಂಗಡಿಯ ಕರಕ್ ಚಾ ಮಾರಾಯ್ತಿ," ಎಂದರು. "ಚೂಡಾಮಣಿಗೆ ತಲೆನೋವಂತೆ, ಬರಲಿಲ್ಲ."

ಚೂಡಾಮಣಿ ಅಂದರೆ ವೆಂಕಟರಾಮು ಅವರ ಹೆಂಡತಿ. ದೊಡ್ಡ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ತಂದು ಎಲ್ಲರಿಗೂ ಬಗ್ಗಿಸಿ ಕೊಟ್ಟು, ಕೊನೆಯ ಸಾಲಿನಲ್ಲಿ ಉದ್ದ ತೋಳಿನ ರವಿಕೆ ತೊಟ್ಟು ಸುಮ್ಮನೆ ಕೂರುವ ಹೆಂಗಸು. ಅವರು ಒಂದು ಪೂರ್ತಿ ವಾಕ್ಯ ಮಾತಾಡಿದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ನಾನು ವಿಷಯ ಹೇಳುವ ಮೊದಲೇ ವೆಂಕಟರಾಮು ನಮ್ಮನ್ನು ಪಕ್ಕಕ್ಕೆ ಕರೆದರು.

"ಗಾಬರಿ ಆಗೋ ಅಂಥದ್ದು ಏನಿಲ್ಲಮ್ಮ ಜ್ಯೋತ್ಸ್ನಾ. ಯಶ್ಮಿತಾ ಬೆಳಿಗ್ಗೆ ನಂಗೇ ಫೋನ್ ಮಾಡಿದ್ಲು. ಅವಳ ತಂದೆ ಕಡೆ ನಾಗನಿಗೆ ತಂಬಿಲ ಅಂತೆ. ನಾಗನ ಪೂಜೆಗೆ ನಿಮ್ಮ ಕಡೆ ಹಾಗೇ ತಾನೇ ಅನ್ನೋದು? ಮಗಳು ಬರಲೇಬೇಕು ಅಂದ್ರಂತೆ. ಮಧ್ಯಾಹ್ನದ ಫ್ಲೈಟಿಗೆ ಹೊರಟುಹೋದ್ಲು. ಕಂಪ್ಲೇಂಟೂ ಬೇಡ, ಏನೂ ಬೇಡ ಅಂದ್ಲು. ಖಲಾಸ್."

ಅವಳ ಪಾಸ್‌ಪೋರ್ಟ್ ಸುಶಾಂತನ ಕೈಯಲ್ಲಿತ್ತಲ್ಲ ಎಂದು ಕೇಳಿದೆ. ಕೊಟ್ಟಿರ್ತಾನೆ, ಎಷ್ಟಾದರೂ ಗಂಡ ಅಲ್ವೇ ಎಂದರು. ಆಮೇಲೆ ಗಂಡಹೆಂಡಿರ ಜಗಳದ ಬಗ್ಗೆ ಹಿರಿಯರೆಲ್ಲ ಇಂಥ ಹೊತ್ತಿಗೆಂದೇ ಇಟ್ಟುಕೊಂಡಿರುವ ಆ ಗಾದೆಯನ್ನು ಹೇಳಿ ನಕ್ಕರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಒಂದು ಗಾದೆಗೆ ಎಷ್ಟು ಹೆಂಗಸರ ಮೂಳೆ ಮುರಿದಿದೆಯೋ ದೇವರೇ ಬಲ್ಲ.

ಆದರೂ ಆ ಗಳಿಗೆ ನಾವಿಬ್ಬರೂ ಎದುರು ಮಾತಾಡಲಿಲ್ಲ. ನಾಗ ಎಂದ ಕೂಡಲೇ ಕರಾವಳಿಯವರ ಬಾಯಿ ಕಟ್ಟಿಹೋಗುತ್ತದೆ. ಕಚೇರಿಗೆ ರಜೆ ಸಿಗದಿದ್ದರೆ ರಾಜೀನಾಮೆ ಬಿಸಾಕಿ ತಂಬಿಲಕ್ಕೆ ಹೋದವರನ್ನು ನಾನೇ ಕಂಡಿದ್ದೇನೆ.

ಹೊರಗೆ ಕಾರಿನ ಹತ್ತಿರ ಬಂದ ಮೇಲೆ ಹರಿಣಕ್ಕ ತುಳುವಿನಲ್ಲಿ ಕೇಳಿದರು, ತಂದೆಯ ಕಡೆಯ ನಾಗ ಅಂದರಲ್ಲ, ಅದು ಎಂತ ಎಂದು.

ನಮ್ಮದು ಅಳಿಯಕಟ್ಟು. ನಮಗೂ ಯಶ್ಮಿತಾಳಿಗೂ ಸುಶಾಂತನಿಗೂ ಕುಟುಂಬದ ಮನೆ ಅಂದರೆ ತಾಯಿಯ ಕಡೆಯದು. ದೈವ, ನಾಗ, ಬಳಿ ಎಂಬ ಗೋತ್ರ ಎಲ್ಲವೂ ತಾಯಿಯಿಂದ ಬಂದದ್ದು. ಅಪ್ಪನ ಕುಟುಂಬದ ನಾಗನಿಗೆ ನಾವು ಕೈ ಮುಗಿಯುತ್ತೇವೆ, ಪ್ರಸಾದ ತಿನ್ನುತ್ತೇವೆ. ಆದರೆ ಅದು ಅವರದ್ದು, ನಮ್ಮದಲ್ಲ. ಅಲ್ಲಿಗೆ ಮಗಳು ಬರಲೇಬೇಕು ಎಂದು ಯಾರೂ ಕರೆಯುವುದಿಲ್ಲ.

"ಘಟ್ಟದ ಮೇಲಿನವರು ಹರಿಣಕ್ಕ. ಅವರಿಗೆ ಎಲ್ಲ ಅಪ್ಪನ ಕಡೆಯಿಂದಲೇ ಬರುವುದು. ಏನೋ ಒಂದು ಕೇಳಿಸಿಕೊಂಡಿದ್ದಾರೆ," ಎಂದೆ.

"ಯಾರೋ ಫೋನಿನಲ್ಲಿ ಅವರನ್ನೇ ಮಂಗ ಮಾಡಿದ್ದಾರೆ ಅಂತ ನನಗೆ," ಎಂದರು ಹರಿಣಕ್ಕ.

ಮಂಗ ಮಾಡುವವನು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಹರಿಣಕ್ಕ ಕಾರನ್ನು ಸುಶಾಂತನ ಮನೆಯಿರುವ ಅಲ್ ಮುಂತಜಾದ ಕಡೆಗೆ ತಿರುಗಿಸಿದರು.

* * *

ಸುಶಾಂತ ಬಾಗಿಲು ತೆಗೆದು ನಕ್ಕ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ. ಹೆಂಡತಿಯ ಕೈ ಮುರಿಯುವವರು ನೋಡಲು ಹೇಗಿರುತ್ತಾರೆ ಎಂದು ಕೇಳುವವರಿಗೆ ನಾನು ಯಾವಾಗಲೂ ಹೇಳುವುದು ಒಂದೇ: ಮದುವೆ ಮನೆಯಲ್ಲಿ ನಿಮ್ಮ ಪಕ್ಕದ ಎಲೆಗೆ ಕೂತವರ ಹಾಗಿರುತ್ತಾರೆ.

"ಬನ್ನಿ ಜ್ಯೋತ್ಸ್ನಕ್ಕ. ಟೀಚರೂ ಬಂದಿದ್ದಾರೆ. ಚಾ ಮಾಡ್ಲಾ?"

ಬೇಡವೆಂದೆ. ಚಪ್ಪಲಿ ಸ್ಟ್ಯಾಂಡಿನ ಪಕ್ಕ ಮರೂನ್ ಬಣ್ಣದ ಸೂಟ್‌ಕೇಸ್ ನಿಂತಿತ್ತು, ಹಿಡಿಗೆ ಗುರುತಿಗೆಂದು ಕಟ್ಟಿದ ಹಳದಿ ರಿಬ್ಬನ್. ತೂಗುಬಿದ್ದ ಚೀಟಿಯಲ್ಲಿ ಯಶ್ಮಿತಾ ಎಂದಿತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಅವನು ನೋಡಿದ.

"ಯಶ್ಮಿತಾ ಎಲ್ಲಿ?"

"ವೆಂಕಟರಾಮು ಸಾರ್ ಹೇಳಲಿಲ್ವಾ? ಊರಿಗೆ ಹೋದಳು."

"ಅವರು ಹೇಳಿದ್ದು ಕೇಳಿಯಾಯ್ತು. ಈಗ ನೀನು ಹೇಳು."

ಅವನು ಗಂಟಲು ಸರಿಮಾಡಿಕೊಂಡು, ಬಾಯಿಪಾಠ ಒಪ್ಪಿಸುವವರ ಧಾಟಿಯಲ್ಲಿ ಹೇಳಿದ. "ಅವಳ ತಂದೆಯ ಕಡೆಯ ನಾಗನಿಗೆ ತಂಬಿಲ ಉಂಟು. ಮಗಳು ಬರಲೇಬೇಕು ಅಂತ ಕರೆದರು. ಮಧ್ಯಾಹ್ನದ ಫ್ಲೈಟಿಗೆ..."

ಅಲ್ಲಿಗೆ ನಿಂತ. ಹೇಳಿದ್ದು ತನ್ನ ಕಿವಿಗೇ ಬಿದ್ದಿತ್ತು. ಮುಖ ಕಪ್ಪಿಟ್ಟಿತು.

"ಯಾರ ಕಡೆಯ ನಾಗ?" ಹರಿಣಕ್ಕನ ದನಿ ತರಗತಿಯದ್ದು.

"ಅದು... ಕುಟುಂಬದ್ದು. ತಾಯಿಯ ಕಡೆಯದ್ದು."

"ಈಗಷ್ಟೆ ತಂದೆಯ ಕಡೆಯದ್ದು ಅಂದೆ."

"ಬಾಯಿ ತಪ್ಪಿತು ಟೀಚರ್."

"ಮೂಲ್ಕಿಯಲ್ಲಿ ಹುಟ್ಟಿದ ನಿನಗೆ ಆ ಮಾತಿನಲ್ಲಿ ಬಾಯಿ ತಪ್ಪುವುದಿಲ್ಲ ಸುಶಾಂತ," ಎಂದೆ ನಾನು. "ಅದೇ ಮಾತು, ಅದೇ ತಪ್ಪು, ಅದೇ ಮಧ್ಯಾಹ್ನದ ಫ್ಲೈಟು. ನಿನಗೆ ಇದನ್ನು ಕಲಿಸಿದವರು ಯಾರು?"

ನಾನು ಸೂಟ್‌ಕೇಸಿನ ಹತ್ತಿರ ಹೋಗಿ ನಿಂತೆ. ಮಧ್ಯಾಹ್ನವೇ ಹಾರಿದವಳ ಪೆಟ್ಟಿಗೆ ಇಲ್ಲಿ ಯಾಕೆ ಎಂದು ಕೇಳಿದೆ. ಕಾರ್ಗೋದಲ್ಲಿ ಕಳಿಸುವುದಕ್ಕೆ ಎಂದ. ಹಾಗೆನ್ನುತ್ತ ಅವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಜೇಬಿನಿಂದ ಕಡುನೀಲಿ ರಟ್ಟಿನ ಅಂಚು ಇಣುಕುತ್ತಿತ್ತು.

"ಅದು ನಿನ್ನ ಪಾಸ್‌ಪೋರ್ಟಾ?"

"ಹೌದು."

"ಫೋಟೋ ತೋರಿಸು."

ತೋರಿಸಲ್ಲ ಎಂದು ಅವನು ಹೇಳಬೇಕಾಗಿರಲಿಲ್ಲ. ನನಗೆ ಆ ದಿನದ ಮೊದಲ ಉಸಿರು ಸಲೀಸಾಗಿ ಬಂತು. ಪಾಸ್‌ಪೋರ್ಟ್ ದೋಹಾದಲ್ಲಿದ್ದರೆ ಯಶ್ಮಿತಾಳೂ ದೋಹಾದಲ್ಲಿದ್ದಾಳೆ.

ಸುಶಾಂತನ ನಗು ಅಷ್ಟು ಹೊತ್ತಿಗೆ ಪೂರ್ತಿ ಅಳಿಸಿಹೋಗಿತ್ತು. "ನೋಡಿ, ನಿಮಗೆ ಗಂಡ ಇಲ್ಲ, ಮಕ್ಕಳಿಲ್ಲ. ಅದಕ್ಕೇ ಊರವರ ಮನೆ ಒಡೆಯಲಿಕ್ಕೆ ಹೊರಟಿದ್ದೀರಿ. ನಿಮ್ಮಂಥವರಿಂದಲೇ ನಮ್ಮ ಹೆಂಗಸರು ಹಾಳಾಗುವುದು."

ಈ ಮಾತನ್ನು ನನಗೆ ಬಹಳ ಮಂದಿ ಹೇಳಿದ್ದಾರೆ. ಮೊದಮೊದಲು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಈಗ ಊಟವೂ ಕಡಿಮೆಯಾಗುವುದಿಲ್ಲ.

"ನಿನ್ನ ಮನೆ ಒಡೆದದ್ದು ನೀನು. ಒಡೆದದ್ದರ ಎಕ್ಸ್‌ರೇ ನಮ್ಮ ಹತ್ತಿರ ಉಂಟು," ಎಂದೆ. "ಭಾನುವಾರ ಅವಳು ಹೇಳುವುದನ್ನು ಹೇಳಿಯೇ ಹೇಳ್ತಾಳೆ. ನೀನು ಎಷ್ಟು ಬಾಗಿಲು ಹಾಕಿದರೂ ಹೇಳ್ತಾಳೆ."

"ಭಾನುವಾರ ತನಕ ಇದ್ದರೆ ತಾನೆ?" ಎಂದ ಅವನು. "ಯಲ್ಲಾ, ಹೊರಡಿ. ಸಂಜೆ ಆದ ಮೇಲೆ ನೀವು ಎಷ್ಟು ಬೊಬ್ಬೆ ಹೊಡೆದರೂ ಅಷ್ಟೇ."

ಹರಿಣಕ್ಕ ಅವನ ಜೇಬಿಗೆ ಕೈ ಹಾಕಲು ಮುಂದಾದರು. ನಾನು ಅವರ ಸೆರಗು ಹಿಡಿದು ಎಳೆದೆ. ಕಿತ್ತುಕೊಂಡರೆ ನಾಳೆ ಠಾಣೆಯಲ್ಲಿ ಕಳ್ಳಿಯರು ನಾವಾಗುತ್ತೇವೆ. ಅಲ್ಲದೆ ಬೇಕಾದ್ದನ್ನು ಅವನು ತಾನಾಗಿಯೇ ಕೊಟ್ಟಿದ್ದ. ಸಂಜೆಯ ವಿಮಾನ. ಅಷ್ಟರೊಳಗೆ ಅವಳು ಎಲ್ಲಿದ್ದಾಳೋ ಅಲ್ಲಿಗೆ ಈ ಸೂಟ್‌ಕೇಸೂ ಪಾಸ್‌ಪೋರ್ಟೂ ಹೋಗಬೇಕು.

* * *

ಇಳಿದು ಬಂದು ಕಾರು ಹತ್ತಿದೆವು.

"ಅಳಿಯಕಟ್ಟಿನ ಹುಡುಗ ಸುಳ್ಳು ಹೇಳುವುದಾದರೂ ತಾಯಿಯ ಕಡೆಯ ನಾಗನ ಮೇಲೆಯೇ ಹೇಳುತ್ತಿದ್ದ," ಎಂದರು ಹರಿಣಕ್ಕ.

ನಾನೂ ಅದನ್ನೇ ಯೋಚಿಸುತ್ತಿದ್ದೆ. ಸುಶಾಂತ ವೆಂಕಟರಾಮು ಅವರಿಗೆ ಸುಳ್ಳು ಹೇಳಿದ್ದಲ್ಲ. ವೆಂಕಟರಾಮು ಅವನಿಗೆ ಸುಳ್ಳು ಹೇಳಿಕೊಟ್ಟದ್ದು. ಕರಾವಳಿಯವರು ನಾಗನ ವಿಷಯದಲ್ಲಿ ಮರುಮಾತಾಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ತಂಬಿಲ ಎಂಬ ಶಬ್ದವನ್ನೂ ಕೇಳಿ ತಿಳಿದುಕೊಂಡಿದ್ದರು. ಮನೆದೇವರು ಅಪ್ಪನಿಂದ ಮಗನಿಗೆ ಬರುವ ಕಡೆಯವರಾದ್ದರಿಂದ ಉಳಿದದ್ದನ್ನು ಕೇಳುವ ಅಗತ್ಯ ಕಾಣಲಿಲ್ಲ.

ಆಮೇಲೆ ಕಾಫಿ ನೆನಪಾಯಿತು. ಸಭಾಂಗಣದಲ್ಲಿ ಇಲ್ಲದ ಕಾಫಿ, ಬಿನ್ ಒಮ್ರಾನಿನ ಸಿಂಕಿನಲ್ಲಿ ಇದ್ದ ಕಾಫಿ. ಝೊಹರಾಳಿಗೆ ಫೋನ್ ಮಾಡಿ, ಹೊರಗಿನವರು ಬಿಡು, ನಮ್ಮ ಬಳಗದವರು ಯಾರಾದರೂ ಮನೆಗೆ ಬಂದಿದ್ದರಾ ಎಂದು ಕೇಳಿದೆ.

"ಚೂಡಾಮಣಿಯಮ್ಮ ಒಮ್ಮೆ ಬಂದಿದ್ರು ಅಕ್ಕ, ನಾನೇ ವಿಳಾಸ ಕೊಟ್ಟದ್ದು. ಇವಳು ಉಟ್ಟ ಬಟ್ಟೆಯಲ್ಲೇ ಬಂದದ್ದಲ್ವಾ? ಅವರೇ ಚೂಡಿದಾರ ಹೊಲಿದು ತಂದ್ರು. ಪ್ಲಾಸ್ಟರ್ ಹಾಕಿದ ಕೈಗೆ ಒಂದು ತೋಳು ಮಾತ್ರ ಅಗಲ ಇಟ್ಟು." ಝೊಹರಾಳ ದನಿ ಇಳಿಯಿತು. "ಅವರು ನಮ್ಮವರೇ ಅಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಒಂದು ತೋಳು ಅಗಲ ಇಟ್ಟು ಹೊಲಿದ ಕೈಯೇ ಅವಳನ್ನು ಕರೆದುಕೊಂಡು ಹೋಗಿ ಒಪ್ಪಿಸಿತೇ? ಸುಶಾಂತನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಆ ಮೂಕ ಹೆಂಗಸಿನ ಮೇಲೆ ಬಂತು. ಇಂಥವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಳಗ ಕಟ್ಟಿದೆವಲ್ಲ ಎಂದು ಹರಿಣಕ್ಕನ ಮೇಲೆ ರೇಗಿದೆ. ಅವರು ಗಾಡಿಯ ವೇಗ ಹೆಚ್ಚಿಸಿದರು.

ಠಾಣೆಗೆ ಫೋನ್ ಮಾಡಿ ವೆಂಕಟರಾಮು ಅವರ ವಿಳಾಸ ಕೊಟ್ಟೆ. ಬರುತ್ತೇವೆ ಎಂದರು. ಆದರೆ ಅವರಿಗಿಂತ ನಾವು ಹತ್ತಿರವಿದ್ದೆವು.

* * *

ವೆಸ್ಟ್ ಬೇಯಲ್ಲಿ ವೆಂಕಟರಾಮು ಇರುವ ಗೋಪುರದ ಲಿಫ್ಟು ಸದ್ದಿಲ್ಲದೆ ಏರಿತು. ಬೆಲ್ ಮಾಡಿದ ತಕ್ಷಣ ವೆಂಕಟರಾಮು ಬಾಗಿಲು ತೆಗೆದರು. ಉದ್ಘಾಟನೆ ಮುಗಿಸಿ ಬಂದಿದ್ದರು. ಎದೆಯ ಮೇಲೆ ನಮ್ಮ ಬಳಗದ ಬ್ಯಾಡ್ಜ್ ಹಾಗೇ ಇತ್ತು.

ಅವರು ತಡೆಯುತ್ತಾರೆ ಎಂದುಕೊಂಡಿದ್ದೆ. ತಡೆಯಲಿಲ್ಲ.

"ಬನ್ನಿ, ಬನ್ನಿ. ಸುಶಾಂತ್ ಈಗಷ್ಟೇ ಫೋನ್ ಮಾಡಿದ್ದ, ನೀವು ಹೀಗೆ ಬರಬಹುದು ಅಂತ. ಒಳ್ಳೇದೇ ಆಯ್ತು," ಎಂದರು. "ಚೂಡಾಮಣಿ ರೂಮಿನ ಬಾಗಿಲು ಒಳಗಿಂದ ಹಾಕ್ಕೊಂಡು ಕೂತುಬಿಟ್ಟಿದಾಳೆ. ಆ ಹುಡುಗೀನೂ ಒಳಗಿದೆ. ಬಿಪಿ ಇರೋಳು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ನೀವು ಹೇಳಿದ್ರೆ ಕೇಳ್ತಾಳೆ. ಸ್ವಲ್ಪ ಬುದ್ಧಿ ಹೇಳಿ."

ನಾಚಿಕೆಯ ಸುಳಿವೂ ಆ ಮುಖದಲ್ಲಿರಲಿಲ್ಲ.

"ಮಧ್ಯಾಹ್ನ ಹಾರಿದ ವಿಮಾನ ನಿಮ್ಮ ಮಲಗುವ ಕೋಣೆಯಲ್ಲಿ ಇಳಿಯಿತಾ ಸಾರ್?" ಎಂದರು ಹರಿಣಕ್ಕ.

"ಸಣ್ಣ ವಿಷಯಾನ ದೊಡ್ಡದು ಮಾಡೋದು ಬೇಡಮ್ಮ. ಸಂಘದ ಮರ್ಯಾದೆ ಅಂತ ಒಂದಿದೆ. ಆ ಹುಡುಗಿ ಠಾಣೆ ಮೆಟ್ಟಿಲು ಹತ್ತಿದ್ರೆ ನಾಳೆ ಇಡೀ ದೋಹಾ ನಮ್ಮನ್ನ ನೋಡಿ ನಗುತ್ತೆ. ಊರಿಗೆ ಹೋಗಿ ತಾಯಿ ಹತ್ರ ಇರ್ಲಿ. ಅವಳಿಗೂ ಒಳ್ಳೇದು, ಎಲ್ಲರಿಗೂ ಒಳ್ಳೇದು. ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ."

ನಾನು ಅವರನ್ನು ದಾಟಿ ಕೋಣೆಯ ಬಾಗಿಲು ತಟ್ಟಿದೆ. "ಯಶ್ಮಿತಾ, ಜ್ಯೋತ್ಸ್ನಕ್ಕ ಬಂದಿದ್ದೇನೆ."

"ಇದ್ದೇನೆ ಅಕ್ಕ." ದನಿ ಗಟ್ಟಿಯಾಗಿತ್ತು. "ನನಗೆ ಎಂತ ಆಗ್ಲಿಲ್ಲ. ಚೂಡಾಮಣಿಯಮ್ಮ ಯಾರಿಗೂ ಬಾಗಿಲು ತೆಗೆಯುವುದಿಲ್ಲ ಅಂತಿದ್ದಾರೆ."

ಆಮೇಲೆ ಇನ್ನೊಂದು ದನಿ ಬಂತು. ಮೊದಲಿಗೆ ಅದು ಯಾರದೆಂದೇ ತಿಳಿಯಲಿಲ್ಲ.

"ಕರ್ಕೊಂಡು ಬಂದೋಳು ನಾನೇ ಜ್ಯೋತ್ಸ್ನಾ. ನೀವು ಕರೀತಿದೀರಿ ಅಂತ ಸುಳ್ಳು ಹೇಳಿ ಕರ್ಕೊಂಡು ಬಂದೆ. ಇವರು ಹೇಳಿದ್ರು, ಮಾಡಿದೆ. ಹೇಳಿದ್ದು ಮಾಡದೇ ಇದ್ರೆ ಏನಾಗುತ್ತೆ ಅಂತ ನಂಗೆ ಗೊತ್ತು."

ವೆಂಕಟರಾಮು ಮುಂದೆ ಬಂದರು. "ಚೂಡಾ, ತಲೆ ಕೆಟ್ಟಿದೆಯಾ? ಮಾತ್ರೆ ತಗೊಂಡ್ಯಾ?"

ಒಳಗಿನ ದನಿ ನಿಲ್ಲಲಿಲ್ಲ. "ಇಲ್ಲಿಗೆ ಬಂದ್ಮೇಲೆ ಇವರು ಫೋನ್ ಕಿತ್ಕೊಂಡಾಗ ಇವಳಿಗೆ ಎಲ್ಲ ಗೊತ್ತಾಯ್ತು. ನನ್ನನ್ನ ಬೈತಾಳೆ ಅಂದ್ಕೊಂಡೆ. ಬೈಲಿಲ್ಲ. ನಿಮಗೆ ಎಷ್ಟು ವರ್ಷದಿಂದ ಅಮ್ಮಾ, ಅಂತ ಕೇಳಿದ್ಲು. ನಿಮ್ಮ ಸಭೆಗೆ ಇಷ್ಟು ಸಲ ಬಂದೆ ಜ್ಯೋತ್ಸ್ನಾ. ಕಾಫಿ ಚೆನ್ನಾಗಿದೆ ಅಂತ ಎಲ್ಲರೂ ಹೇಳಿದ್ರಿ. ಇದನ್ನ ಯಾರೂ ಕೇಳ್ಲಿಲ್ಲ."

ಹರಿಣಕ್ಕ ಬಾಯಿಗೆ ಸೆರಗು ಹಿಡಿದರು. ಕಾರಿನಲ್ಲಿ ನಾನಾಡಿದ ಮಾತು ನೆನೆದು ನಾಚಿಕೆಯಾಯಿತು. ಶೌಚಾಲಯದ ಬಾಗಿಲಿಗೆಲ್ಲ ನಂಬರ್ ಅಂಟಿಸಿದ ನಮಗೆ ಕೊನೆಯ ಸಾಲಿನ ಉದ್ದ ತೋಳಿನ ರವಿಕೆ ಕಂಡಿರಲಿಲ್ಲ.

"ಭಾನುವಾರ ಠಾಣೆಗೆ ಇವಳೊಬ್ಬಳೇ ಹೋಗಲ್ಲ," ಎಂದಿತು ಆ ದನಿ. "ನಂದೂ ಇದೆ ಹೇಳೋದು."

ವೆಂಕಟರಾಮು ನಿಧಾನಕ್ಕೆ ಹಿಂದೆ ತಿರುಗಿ ಮುಂಬಾಗಿಲ ತನಕ ನಡೆದರು. ಒಳಗಿನಿಂದ ಬೀಗ ತಿರುಗಿಸಿ ಕೀಲಿಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು.

"ಮಾತು ಮುಗಿಯೋವರೆಗೂ ಯಾರೂ ಆಚೆ ಹೋಗೋದು ಬೇಡ," ಎಂದರು. ದನಿಯಲ್ಲಿ ಆಗಲೂ ಬೆಣ್ಣೆ ಇತ್ತು, ಕಣ್ಣಲ್ಲಿ ಇರಲಿಲ್ಲ.

"ಆಗಲಿ," ಎಂದು ಹರಿಣಕ್ಕ ಸೋಫಾದ ಮೇಲೆ ಕಾಲು ಮಡಚಿ ಕೂತರು. "ನಮಗೂ ಎಂತ ಅವಸರ ಇಲ್ಲ. ಪೊಲೀಸರು ದಾರಿಯಲ್ಲಿದ್ದಾರೆ."

ನಾನು ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ನನ್ನನ್ನು ದಾಟದೆ ಅವರು ಒಳಗೆ ಹೋಗುವ ಹಾಗಿರಲಿಲ್ಲ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು.

ಆಗ ಮುಂಬಾಗಿಲ ಬೆಲ್ ಆಯಿತು.

"ಸಾರ್, ನಾನು ಸುಶಾಂತ್. ಬೇಗ ತೆಗೀರಿ, ಟೈಮ್ ಆಯ್ತು."

ವೆಂಕಟರಾಮು ಜೇಬಿಗೆ ಕೈ ಹಾಕಿ ಕೀಲಿ ತೆಗೆದರು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಚಿಲಕ ಸರಿದ ಸದ್ದು ಕೇಳಿತು. ಬಾಗಿಲು ತೆರೆಯಿತು. ಚೂಡಾಮಣಿ ನನ್ನನ್ನು ಮೆಲ್ಲಗೆ ಬದಿಗೆ ಸರಿಸಿ ಹೊರಗೆ ಬಂದರು. ರವಿಕೆಯ ತೋಳುಗಳನ್ನು ಮೊಣಕೈ ಮೇಲಕ್ಕೆ ಮಡಚಿದ್ದರು. ಅಲ್ಲಿದ್ದ ಕಲೆಗಳನ್ನು ನಾವೆಲ್ಲ ನೋಡಿದೆವು. ಹಿಂದಿನಿಂದ ಯಶ್ಮಿತಾ ಬಂದು ಅವರ ಪಕ್ಕದಲ್ಲಿ ನಿಂತಳು.

ಚೂಡಾಮಣಿ ಗಂಡನ ಎದುರಿಗೆ ಹೋಗಿ ಅಂಗೈ ಚಾಚಿದರು.

"ಕೀಲಿ ಕೊಡಿ," ಎಂದರು. "ಅವನಿಗೆ ಏನು ಹೇಳ್ಬೇಕೋ ನಾನು ಹೇಳ್ತೀನಿ."

ಬೆಲ್ ಮತ್ತೆ ಬಡಿದುಕೊಂಡಿತು. ವೆಂಕಟರಾಮು ಅವರ ಕೈ ಮೇಲೆದ್ದಿತು. ಕೀಲಿ ಕೊಡುವುದಕ್ಕೋ ಬೇರೆ ಯಾವುದಕ್ಕೋ ನನಗೆ ತಿಳಿಯಲಿಲ್ಲ. ಹರಿಣಕ್ಕ ಸೋಫಾದಿಂದ ಎದ್ದರು, ನಾನು ಒಂದು ಹೆಜ್ಜೆ ಮುಂದಿಟ್ಟೆ.

ಚೂಡಾಮಣಿ ಮುಖ ತಿರುಗಿಸಲಿಲ್ಲ, ಚಾಚಿದ ಕೈಯನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.